ಪೂರ್ತಿ ಮಲಗುವ ಕುರ್ಚಿ

ನನ್ನ ಗಂಡ ಕೂತುಕೊಂಡೇ ನಿದ್ದೆ ಮಾಡಲು ಶುರು ಮಾಡಿದ್ದು ಯಾವಾಗ ಅಂತ ನನಗೆ ಸರಿಯಾಗಿ ನೆನಪಿಲ್ಲ. ಇಂಥದ್ದು ಯಾವತ್ತೂ ಹೇಳಿ ಕೇಳಿ ಬರುವುದಿಲ್ಲವಲ್ಲ. ಮೊದಲು ಒಂದು ದಿಂಬಿನ ಮೇಲೆ ಇನ್ನೊಂದು ಬಂತು. ಆಮೇಲೆ ನನ್ನ ದಿಂಬನ್ನೂ ಕಿತ್ತುಕೊಂಡರು. ಅದೂ ಸಾಲದೆ ಮಂಚದ ಹಲಗೆಗೆ ಒರಗಿಕೊಂಡು ಕಣ್ಣು ಮುಚ್ಚುವುದು ಅಭ್ಯಾಸವಾಯಿತು. ಒಂದು ಬೆಳಿಗ್ಗೆ ಎದ್ದು ನೋಡುತ್ತೇನೆ, ಪಕ್ಕದಲ್ಲಿ ಆಸಾಮಿಯೇ ಇಲ್ಲ. ಹಾಲಿಗೆ ಬಂದೆ. ಕಿಟಕಿಯ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಗೋಡೆಗೆ ತಲೆ ಆನಿಸಿ, ಎರಡು ಕೈಯನ್ನೂ ತೊಡೆಯ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿದ್ದರು. ಹಣೆಯ ಮೇಲೆ ಹಿಂದಿನ ದಿನದ ವಿಭೂತಿ ಹಾಗೇ ಇತ್ತು. "ರೀ!" ಅಂತ ಕಿರುಚಿಬಿಟ್ಟೆ.

"ಏನೇ ನಿಂದು ಬೆಳ್‌ಬೆಳಿಗ್ಗೆ! ಈಗ ತಾನೇ ಒಂಚೂರು ಕಣ್ಣು ಹತ್ತಿತ್ತು" ಅಂತ ಬೈದರು. ಬೈಸಿಕೊಂಡು ಅಷ್ಟು ಖುಷಿಪಟ್ಟದ್ದು ಮದುವೆಯಾದಾಗಿನಿಂದ ಅದೇ ಮೊದಲು.

ಕಿರುಚಿದ್ದು ಯಾಕೆಂದರೆ, ನಮ್ಮವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಲಿಂಗ ಕಟ್ಟಿದವರು ನಾವು. ಉಸಿರು ನಿಂತ ಮೇಲೆ ಮೈ ತೊಳೆದು, ವಿಭೂತಿ ಧರಿಸಿ, ಗೋಡೆಗೆ ಒರಗಿಸಿ ಕೂರಿಸುತ್ತೇವೆ. ಬಂದವರೆಲ್ಲ ಹಾಗೆ ಕೂತವರನ್ನೇ ನೋಡಿ ಕೈಮುಗಿಯುತ್ತಾರೆ. ಕೂತ ಹಾಗೆಯೇ ಹೊತ್ತುಕೊಂಡು ಹೋಗಿ ಕೂತ ಹಾಗೆಯೇ ಮಣ್ಣಿಗಿಡುತ್ತೇವೆ. ನನ್ನ ಮಾವನವರನ್ನು ನಾನು ಕೊನೆಗೆ ನೋಡಿದ್ದು ಇದೇ ಹಾಲಿನಲ್ಲಿ, ಇದೇ ಕಿಟಕಿಯ ಪಕ್ಕ. ಹಾಗಾಗಿ ಗಂಡ ಕೂತು ಕಣ್ಣು ಮುಚ್ಚಿದ್ದನ್ನು ನೋಡಿದಾಗ ನನಗೆ ಬೇರೇನೂ ತೋಚಲಿಲ್ಲ.

ಕಿರುಚಾಟಕ್ಕೆ ಹಿತ್ತಲಿನಿಂದ ಅತ್ತೆ ಓಡಿಬಂದರು, ಕೈಯಲ್ಲಿ ಪೂಜೆಯ ಹೂವಿನ ತಟ್ಟೆ. ಅತ್ತೆ ತಿ. ನರಸೀಪುರದ ಕಡೆಯ ಹಳ್ಳಿಯವರು. ಸೊಸೆಯಾಗಿ ನಂಜನಗೂಡಿಗೆ ಬಂದು ಒಂದು ಆಯುಷ್ಯವೇ ಕಳೆದರೂ ಅವರ ಮಾತು ಆ ಹೊಳೆಯ ದಡ ಬಿಟ್ಟು ಈ ಹೊಳೆಗೆ ಬರಲೇ ಇಲ್ಲ. ಮಗ ಕೂತಿದ್ದ ಭಂಗಿ ನೋಡಿ ಅವರ ಮುಖ ಬಿಳಿಚಿಕೊಂಡಿತು.

"ಯಾಕ್ಲಾ ಮಗ ಇಂಗೆ ಕೂತ್ಕಂಡು ಕಣ್ ಮುಚ್ಚಿದ್ದೀಯೆ? ಬದುಕಿರೋ ಮನ್ಸ ಗ್ವಾಡೆಗೆ ಒರಗಿ ನಿದ್ದೆ ಮಾಡ್ತಾನೇನ್ಲಾ? ಓಗು, ಮಂಚದ್ ಮೇಲೆ ಮಲಿಕ್ಕೋ ಓಗು. ನನ್ ಕೈಲಿ ನೋಡಕ್ಕಾಗಲ್ಲ."

"ಮಲಗಿದ್ರೆ ಗ್ಯಾಸ್ಟ್ರಿಕ್ಕು ಎದೆಗೆ ಬತ್ತದೆ ಕಣವ್ವಾ" ಅಂದರು ಇವರು.

ಗ್ಯಾಸ್ಟ್ರಿಕ್! ನಮ್ಮೂರಿನಲ್ಲಿ ಎದೆ ಉರಿದರೂ ಗ್ಯಾಸ್ಟ್ರಿಕ್, ತಲೆ ಸುತ್ತಿದರೂ ಗ್ಯಾಸ್ಟ್ರಿಕ್, ಹೆಂಡತಿಯ ಮೇಲೆ ರೇಗಿದರೂ ಗ್ಯಾಸ್ಟ್ರಿಕ್. ನನ್ನ ಗಂಡನಿಗೆ ಬೋರ್‌ವೆಲ್ ಮೋಟಾರು, ಪೈಪುಗಳ ಅಂಗಡಿ. ರೈತರ ಮೋಟಾರು ದೂರದಲ್ಲಿ ಓಡುವ ಸದ್ದು ಕೇಳಿಯೇ ಬೇರಿಂಗ್ ಹೋಗಿದೆ ಅಂತ ಹೇಳುವ ಮನುಷ್ಯ. ತನ್ನ ಎದೆಯ ಸದ್ದು ಮಾತ್ರ ಅವರ ಕಿವಿಗೆ ಬೀಳಲಿಲ್ಲ. ನನ್ನ ಕಿವಿಗೆ ಬೀಳುತ್ತಿತ್ತು. ಅಂಗಡಿಯ ಅಟ್ಟ ಹತ್ತುವಾಗ ಅರ್ಧ ಮೆಟ್ಟಿಲಿಗೆ ನಿಂತು ಸುಮ್ಮನೆ ಫೋನು ತೆಗೆದು ನೋಡುವವರು. ಫೋನಿನಲ್ಲಿ ಏನೂ ಇರುತ್ತಿರಲಿಲ್ಲ, ಅದು ಉಸಿರು ಸುಧಾರಿಸಿಕೊಳ್ಳುವ ನಾಟಕ. ಸಂಜೆ ಚಪ್ಪಲಿ ಬಿಟ್ಟರೆ ಪಟ್ಟಿಯ ಗುರುತು ಕಾಲಿನಲ್ಲಿ ಬಾವಿ ತೋಡಿದ ಹಾಗೆ ಉಳಿಯುತ್ತಿತ್ತು.

"ರೀ, ಬೆರಳಲ್ಲಿ ಒತ್ತಿದ್ರೆ ಗುಳಿ ಬೀಳ್ತಿದೆ. ಇದು ಗ್ಯಾಸ್ಟ್ರಿಕ್ ಅಲ್ಲ. ನಡೀರಿ ಮೈಸೂರಿಗೆ."

"ಅಪ್ಪನೂ ಮೈಸೂರು ಆಸ್ಪತ್ರೆಗೆ ನಡ್ಕೊಂಡೇ ಹೋದ್ರು. ವಾಪಸ್ ಹೆಂಗೆ ಬಂದ್ರು ನೋಡಿದ್ದೀಯಲ್ಲ" ಅಂದರು. ಆ ಮಾತು ಬಂದರೆ ಮುಗಿಯಿತು. ಅವರಿಗೆ ಆಸ್ಪತ್ರೆ ಅಂದರೆ ಹೋಗುವ ದಾರಿ ಇದೆ, ಬರುವ ದಾರಿ ಇಲ್ಲ. ನನಗೆ ಕೋಪವೂ ಬರುತ್ತಿತ್ತು, ಅಳುವೂ ಬರುತ್ತಿತ್ತು. ನನಗೆ ಬೇಕಾಗಿದ್ದುದು ದೊಡ್ಡದೇನೂ ಅಲ್ಲ. ಊರಿನ ಎಲ್ಲ ಗಂಡಂದಿರ ಹಾಗೆ ನನ್ನ ಗಂಡನೂ ಮಂಚದ ಮೇಲೆ ನನ್ನ ಪಕ್ಕದಲ್ಲಿ ಮಲಗಬೇಕು, ಗೊರಕೆ ಹೊಡೆಯಬೇಕು, ಬೆಳಿಗ್ಗೆ ಏಳಬೇಕು. ಅಷ್ಟೇ.

ಅಷ್ಟರಲ್ಲಿ ಅವರ ತಲೆಗೆ ರಿಕ್ಲೈನರ್ ಅನ್ನುವ ಒರಗು ಕುರ್ಚಿ ಹೊಕ್ಕಿತು.

ಫೋನಿನಲ್ಲಿ ಯಾವನೋ ಒಬ್ಬ ಸೂಟು ಹಾಕಿಕೊಂಡವನು ಚರ್ಮದ ಕುರ್ಚಿಯಲ್ಲಿ ಒರಗಿ, ಬೆನ್ನುಮೂಳೆಯ ಚಿತ್ರ ತೋರಿಸುತ್ತಾ, ಎರ್ಗೊನಾಮಿಕ್ ಎರ್ಗೊನಾಮಿಕ್ ಅಂತ ಜಪ ಮಾಡುತ್ತಿದ್ದ. ಇವರು ಅದನ್ನೇ ಪದೇಪದೇ ಹಾಕಿ ನೋಡುವುದು. ಅಂಗಡಿಯ ಟೇಪು ತಂದು ತನ್ನ ತೊಡೆಯ ಉದ್ದ, ಬೆನ್ನಿನ ಎತ್ತರ ಅಳೆದುಕೊಂಡರು. ಸೀಟು ಎಷ್ಟು ಆಳವಿರಬೇಕು, ಸೊಂಟದ ಹತ್ತಿರ ಎಷ್ಟು ಉಬ್ಬಿರಬೇಕು, ಕತ್ತಿಗೆ ಆಸರೆ ಎಲ್ಲಿ ಬರಬೇಕು, ಎಲ್ಲವೂ ಬಾಯಿಪಾಠ. ಊಟಕ್ಕೆ ಕೂತರೆ ಅದೇ ಮಾತು. ರೆಕ್ಸಿನ್ ಬೇಡ, ಬೇಸಿಗೆಯಲ್ಲಿ ಬೆನ್ನಿಗೆ ಮೆತ್ತಿಕೊಳ್ಳುತ್ತೆ. ಸೀಟಿಗೆ ಚರ್ಮ ಹಾಕಿ ಹಿಂಬದಿಗೆ ರೆಕ್ಸಿನ್ ಹೊಲಿದು ಟೋಪಿ ಹಾಕುತ್ತಾರೆ, ತಿರುಗಿಸಿ ನೋಡಬೇಕು. ಅಸಲಿ ಚರ್ಮವೇ ಆಗಬೇಕು.

"ನಿಮ್ಮ ಮೈಯನ್ನ ಡಾಕ್ಟ್ರು ತಿರುಗಿಸಿ ನೋಡಕ್ಕೆ ಬಿಡಲ್ಲ, ಕುರ್ಚಿ ಮಾತ್ರ ತಿರುಗಿಸಿ ನೋಡ್ಬೇಕು" ಅಂದೆ.

"ಮೊದ್ಲು ಕುರ್ಚಿ ಬರ್ಲಿ ಕಣೇ. ಒಂದು ವಾರ ಚೆನ್ನಾಗಿ ನಿದ್ದೆ ಮಾಡಿದ್ರೆ ಎಲ್ಲಾ ಸರಿಹೋಗುತ್ತೆ. ಹೋಗ್ಲಿಲ್ಲ ಅಂದ್ರೆ ನೀನು ಹೇಳಿದ ಡಾಕ್ಟ್ರ ಹತ್ರ ಬರ್ತೀನಿ. ಆಯ್ತಾ?"

ದೇವರ ಮುಂದೆ ನಿಲ್ಲಿಸಿ ಮಾತು ತೆಗೆದುಕೊಂಡೆ. ಕುರ್ಚಿ ಬೇಗ ಬಂದಷ್ಟೂ ಡಾಕ್ಟರು ಬೇಗ. ಆ ಲೆಕ್ಕದಲ್ಲಿ ನಾನೂ ಕುರ್ಚಿಯ ಪಕ್ಷಕ್ಕೆ ಸೇರಿಕೊಂಡೆ.

ತಕರಾರು ಬಂದದ್ದು ಅತ್ತೆಯಿಂದ. ಚರ್ಮ ಅಂದ ಕೂಡಲೇ ಅವರು ಕಿವಿ ಮುಚ್ಚಿಕೊಂಡರು.

"ತೊಗಲಾ? ಲಿಂಗಪೂಜೆ ಮಾಡೋ ಮನೆ ಒಳೀಕೆ ತೊಗಲು ತರ್ತೀಯೇನ್ಲಾ?"

"ದಿನಾ ಸೊಂಟಕ್ಕೆ ಬೆಲ್ಟು ಕಟ್ಕೊಂಡು ಓಡಾಡ್ತೀನಲ್ಲವ್ವಾ."

"ಪೂಜೆಗೆ ಕೂರಾಗ ಬಿಚ್ಚಿಡ್ತೀಯೆ ತಾನೇ? ಕುರ್ಚಿ ಬಿಚ್ಚಿಡಕ್ಕಾದದಾ?"

"ಇದು ಇಟಲಿ ಚರ್ಮ ಕಣವ್ವಾ."

"ಇಟ್ಲಿ ದನ ದನ ಅಲ್ವೇನೋ? ಅದಕ್ಕೇನು ಬೇರೆ ದ್ಯಾವ್ರಾ?"

ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೆ. ಆಮೇಲೆ ಎರಡು ದಿನ ಅತ್ತೆ ಮಾತೇ ಆಡಲಿಲ್ಲ. ಮೂರನೆಯ ಬೆಳಿಗ್ಗೆ ಮತ್ತೆ ಮಗ ಕಿಟಕಿಯ ಪಕ್ಕ ಗೋಡೆಗೆ ಒರಗಿ ಕೂತಿದ್ದನ್ನು ನೋಡಿದರು. ಹೂವಿನ ತಟ್ಟೆಯನ್ನು ಅಲ್ಲೇ ನೆಲದ ಮೇಲಿಟ್ಟು ಕೂತುಬಿಟ್ಟರು. ಗಟ್ಟಿಯಾಗಿ ಅಳುವ ಹೆಂಗಸಲ್ಲ ಅವರು. ಅವತ್ತು ಅತ್ತರು.

"ತೊಗಲಾದ್ರೂ ಆಗ್ಲಿ, ಇನ್ನೊಂದಾದ್ರೂ ಆಗ್ಲಿ, ತತ್ತಾ. ಆದ್ರೆ ಒಂದು ಮಾತು. ಅದು ಪೂರ್ತಿ ಮಲಗೋ ಅಂತ ಕುರ್ಚಿ ಆಗಿರ್ಬೇಕು. ನನ್ ಮಗ ಮಲಗೋದ್ನ ನಾನ್ ನೋಡ್ಬೇಕು" ಅಂದರು.

ಇವರು ನನ್ನ ಮುಖ ನೋಡಿದರು. ಅವರಿಗೆ ಬೇಕಾಗಿದ್ದುದು ಅರ್ಧ ಒರಗುವ ಕುರ್ಚಿ. ಪೂರ್ತಿ ಮಲಗಿದರೆ ಏನಾಗುತ್ತದೆ ಅಂತ ಅವರೊಬ್ಬರಿಗೇ ಗೊತ್ತಿತ್ತು, ಅದನ್ನು ಬಾಯಿಬಿಟ್ಟು ಹೇಳಿದರೆ ಗ್ಯಾಸ್ಟ್ರಿಕ್ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ನಾನು ಅತ್ತೆಯ ಪಕ್ಷ ಹಿಡಿದೆ. "ಅತ್ತೆ ಹೇಳೋದು ಸರಿ. ಪೂರ್ತಿ ಮಲಗೋದೇ ತಗೊಳ್ಳೋಣ" ಅಂದೆ. ಗೋಡೆಗೊರಗಿದ ಆ ಮುಖವನ್ನು ಇನ್ನೊಂದು ಬೆಳಿಗ್ಗೆ ನೋಡುವ ಧೈರ್ಯ ನನಗೂ ಇರಲಿಲ್ಲ. ಅವರು "ಆಯ್ತು ಬಿಡಿ" ಅಂತ ಎದ್ದು ಅಂಗಡಿಗೆ ಹೋದರು.

ಕುರ್ಚಿ ಕೊಳ್ಳಲು ಮೈಸೂರಿಗೆ ಹೋಗುವ ಹಾಗಿರಲಿಲ್ಲ. ನನ್ನ ತಂಗಿಯ ಗಂಡ ತಿ. ನರಸೀಪುರದಲ್ಲಿ ಫರ್ನಿಚರ್ ಷೋರೂಮ್ ಇಟ್ಟಿದ್ದಾನೆ. ಮನೆಯ ನೆಂಟನನ್ನು ಬಿಟ್ಟು ಬೇರೆ ಕಡೆ ಕೊಂಡರೆ ಮುಂದಿನ ಮದುವೆಯಲ್ಲಿ ಮುಖ ತೋರಿಸುವುದು ಹೇಗೆ? ಕಲ್ಯಾಣ ಮಂಟಪಗಳಿಗೆ ಕುರ್ಚಿ ಮಾರಿ ಮೇಲೆ ಬಂದವನು. ಈಚೆಗೆ ಮೇಲಿನ ಮಹಡಿ ಪೂರ್ತಿ ಚರ್ಮದ ಸೋಫಾ, ರಿಕ್ಲೈನರ್ ತುಂಬಿಸಿಕೊಂಡು, ಕೊಳ್ಳುವವರು ಯಾರು ಅಂತ ದಾರಿ ಕಾಯುತ್ತಿದ್ದ.

ದೀಪಾವಳಿ ಕಳೆದ ಮೇಲಿನ ಚಳಿಯ ದಿನಗಳು. ಮೂವರೂ ಕಾರಿನಲ್ಲಿ ಹೊರಟೆವು. ದಾರಿಯ ಎರಡೂ ಕಡೆ ಭತ್ತ ಹಣ್ಣಾಗಿ ಬಾಗಿತ್ತು. ಇವರೇ ಓಡಿಸುತ್ತಿದ್ದರು, ಆ ಚಳಿಗಾಳಿಯಲ್ಲೂ ಕಿಟಕಿ ಪೂರ್ತಿ ಇಳಿಸಿಕೊಂಡು. ನಡುವೆ ನಾಲೆಯ ಹತ್ತಿರ ಕಾರು ನಿಲ್ಲಿಸಿದರು. "ಬೆಳೆ ಚೆನ್ನಾಗಿ ಬಂದಿದೆ ನೋಡು" ಅಂದರು. ಬೆಳೆ ನೋಡುವವರು ಸ್ಟೀರಿಂಗ್ ಅನ್ನು ಎರಡೂ ಕೈಯಲ್ಲಿ ಹಿಡಿದು, ಭುಜ ಮೇಲೆತ್ತಿ ಕೂರುತ್ತಾರೆಯೇ? ಇವತ್ತು ಕುರ್ಚಿ, ನಾಳೆ ಡಾಕ್ಟರು ಅಂತ ಮನಸ್ಸಿನಲ್ಲೇ ಹೇಳಿಕೊಂಡೆ. ಹಿಂದಿನ ಸೀಟಿನಲ್ಲಿ ಅತ್ತೆ ಕತ್ತಿನ ಲಿಂಗವನ್ನು ಅಂಗೈಯಲ್ಲಿ ಮುಚ್ಚಿಕೊಂಡು ಏನೋ ಮಣಮಣ ಅನ್ನುತ್ತಿದ್ದರು.

ಷೋರೂಮಿನ ಮೆಟ್ಟಿಲು ಕಡಿದಾಗಿತ್ತು. ತಿರುವಿನಲ್ಲಿ ಗಣಪತಿಯ ದೊಡ್ಡ ಪಟ ಹಾಕಿದ್ದ. ಅದರ ಮುಂದೆ ಇವರು ಬಹಳ ಹೊತ್ತು ಕೈಮುಗಿದು ನಿಂತರು.

"ನಮ್ಮಣ್ಣನಿಗೆ ಈಚೆಗೆ ಭಕ್ತಿ ಜಾಸ್ತಿಯಾಗದೆ ಅಲ್ವಾ ಅಕ್ಕಾ?" ಅಂತ ತಂಗಿಯ ಗಂಡ ನಗಾಡಿದ. ನನಗೆ ನಗು ಬರಲಿಲ್ಲ.

ಮೇಲೆ ಹೊಸ ಚರ್ಮದ ವಾಸನೆ ಗಪ್ಪೆಂದು ಮುಖಕ್ಕೆ ಹೊಡೆಯಿತು. ಅತ್ತೆ ಸೆರಗನ್ನು ಮೂಗಿಗೆ ಹಿಡಿದರು. ಕಿಟಕಿಗಳಿಗೆಲ್ಲ ಪರದೆ, ಒಳಗೆ ಎ.ಸಿ. ಸಾಲಾಗಿ ಇಟ್ಟಿದ್ದ ಆ ದೊಡ್ಡ ದೊಡ್ಡ ಕುರ್ಚಿಗಳಲ್ಲಿ ಒಬ್ಬರೂ ಕೂತಿರಲಿಲ್ಲ. ಖಾಲಿ ಕುರ್ಚಿಗಳು ಅಷ್ಟು ಒಟ್ಟಿಗೆ ಇದ್ದದ್ದು ನನಗೆ ಯಾಕೋ ಸರಿಬರಲಿಲ್ಲ. ಬೇಗ ಮುಗಿಸಿ ಹೊರಟುಬಿಡೋಣ ಅನ್ನಿಸಿತು.

ಇವರಿಗೆ ಮಾತ್ರ ಜಾತ್ರೆಗೆ ಬಂದ ಹುಡುಗನ ಉತ್ಸಾಹ. ಒಂದೊಂದನ್ನೂ ಬಗ್ಗಿ ನೋಡಿದರು, ಹೊಲಿಗೆ ಎಳೆದು ನೋಡಿದರು, ಹಿಂಬದಿಯನ್ನು ಉಗುರಿನಿಂದ ಕೆರೆದು "ಇದು ರೆಕ್ಸಿನ್ನು, ನನಗೇ ಟೋಪಿ ಹಾಕ್ತೀಯಾ?" ಅಂತ ರೇಗಿಸಿದರು. ಕೊನೆಗೆ ಕಂದು ಬಣ್ಣದ, ಪಕ್ಕದಲ್ಲಿ ಹಿಡಿ ಇರುವ ಒಂದು ಕುರ್ಚಿಯಲ್ಲಿ ಕೂತರು. ಹಿಡಿ ಎಳೆದರೆ ಬೆನ್ನು ಸ್ವಲ್ಪ ಹಿಂದಕ್ಕೆ ಹೋಯಿತು, ಕಾಲು ಮೇಲೆ ಬಂತು. ಸೊಂಟದ ಉಬ್ಬು ಸೊಂಟಕ್ಕೆ ಸರಿಯಾಗಿ ಕೂತಿತು. ಅವರ ಭುಜ ಇಳಿದದ್ದನ್ನು, ಹಣೆಯ ಗೆರೆ ಸಡಿಲವಾದದ್ದನ್ನು ನಾನು ನೋಡಿದೆ. ತಿಂಗಳುಗಟ್ಟಲೆ ನೋಡಿರದ ಮುಖ.

"ಇದೇ ಸಾಕು ಕಣಪ್ಪಾ. ನನಗೆ ಇದೇ ಆಗ್ಬೇಕು" ಅಂದರು.

"ಮಲಗತದಾ ಅದು?" ಅಂತ ಅತ್ತೆ ಕೇಳಿದರು.

"ಇಲ್ಲ ಅವ್ವಾ, ಇದು ಅರ್ಧ ಅಷ್ಟೇಯ. ಪೂರ್ತಿ ಬೇಕು ಅಂದ್ರೆ ಇಲ್ ಬನ್ನಿ, ಮೋಟಾರಿಂದು. ಬಟನ್ ಒತ್ತಿದ್ರೆ ಮಂಚವೇ ಆಗೋಯ್ತದೆ."

ಅದು ಕಪ್ಪು ಕುರ್ಚಿ. ಎಲ್ಲಕ್ಕಿಂತ ದೊಡ್ಡದು, ಎಲ್ಲಕ್ಕಿಂತ ಮೆತ್ತಗಿನದು. ಕೂತರೆ ಮೈ ಅರ್ಧ ಒಳಕ್ಕೆ ಹೋಗುತ್ತಿತ್ತು. ಇವರು ಎದ್ದು ಬಂದು ಅದರಲ್ಲಿ ಕೂತರು. ತಂಗಿಯ ಗಂಡ ಬಟನ್ ಒತ್ತಿದ. ಮೋಟಾರು ಗುಂಯ್ ಅಂದಿತು. ಬೆನ್ನು ಹಿಂದಕ್ಕೆ ಸರಿಯತೊಡಗಿತು, ಮೆಲ್ಲಗೆ, ಬಹಳ ಮೆಲ್ಲಗೆ.

ಅರ್ಧಕ್ಕೆ ಬಂದಾಗ ಇವರು ಕೈ ಎತ್ತಿ "ಸಾಕು" ಅಂದರು.

"ಇನ್ನೂ ಓಗ್ಲಿ" ಅಂದರು ಅತ್ತೆ.

ಬೆನ್ನು ಪೂರ್ತಿ ಇಳಿಯಿತು, ಕಾಲು ಪೂರ್ತಿ ಎದ್ದಿತು. ಇವರು ಚಪ್ಪಟೆ ಮಲಗಿದ್ದರು. ಅತ್ತೆ ಹತ್ತಿರ ಹೋಗಿ ಮಗನ ತಲೆ ಸವರಿದರು. ಚರ್ಮದ ಮೇಲೆ ತಮ್ಮ ಕೈ ಊರಿದ್ದು ಅವರ ಗಮನಕ್ಕೂ ಬರಲಿಲ್ಲ.

"ನೋಡವ್ವಾ ನೋಡು, ನನ್ ಮಗ ಮನ್ಸನಂಗೆ ಮಲಗವ್ನೆ. ಎಷ್ಟ್ ದಿನಾಗಿತ್ತು! ಎಂಗದೆ ಮಗ?"

"ಚೆನ್ನಾಗದೆ ಅವ್ವಾ" ಅಂದು ಕಣ್ಣು ಮುಚ್ಚಿಕೊಂಡರು. ಅತ್ತೆಯ ಕಣ್ಣಲ್ಲಿ ನೀರು. ನನ್ನ ಕಣ್ಣಲ್ಲೂ ಬಂತು. ಬೇಕು ಬೇಕು ಅಂತ ಹಂಬಲಿಸಿದ್ದ ನೋಟ ಅದು, ಕಣ್ಣೆದುರಿಗೇ ಇತ್ತು. ಹಾಗೇ ನೋಡುತ್ತಾ ನಿಂತವಳಿಗೆ ಅವರ ಬಲಗೈ ಕಾಣಿಸಿತು. ಬೆರಳುಗಳು ಕುರ್ಚಿಯ ಅಂಚನ್ನು ಕಚ್ಚಿ ಹಿಡಿದಿದ್ದವು. ಉಗುರು ಬೆಳ್ಳಗಾಗಿತ್ತು. ತುಟಿಯ ಬಣ್ಣ ನೇರಳೆಗೆ ತಿರುಗಿತ್ತು.

"ಎಬ್ಬಿಸು! ಎಬ್ಬಿಸಪ್ಪಾ ಬೇಗ!" ಅಂದೆ.

ಅವನು ಬಟನ್ ಒತ್ತಿದ. ಏನೂ ಆಗಲಿಲ್ಲ. ಮತ್ತೆ ಒತ್ತಿದ. ಎ.ಸಿ.ಯ ಸದ್ದು ನಿಂತಿತ್ತು, ಮೇಲಿನ ದೀಪವೂ ಆರಿತ್ತು.

"ಥತ್, ಕರೆಂಟು ಹೋಯ್ತಲ್ಲಾ. ಈಗ ಬತ್ತದೆ ಬುಡಿ ಅಕ್ಕಾ, ಅಣ್ಣ ಆರಾಮಾಗಿ ಮಲಗವ್ರಲ್ಲ. ಜನರೇಟರ್ ಹಾಕಿಸ್ತೀನಿ ತಡೀರಿ" ಅಂತ ಕೆಳಗೆ ಓಡಿದ.

"ಎಬ್ಬಿಸ್ಬ್ಯಾಡ ಕಣವ್ವಾ, ನಿದ್ದೆ ಹತ್ತದೆ" ಅಂತ ಅತ್ತೆ ನನ್ನ ಕೈ ಹಿಡಿದರು.

ಆ ಅರೆಗತ್ತಲಲ್ಲಿ ಸದ್ದು ಕೇಳಿತು. ಗಂಟಲಿನಲ್ಲಿ ನೀರು ಕುದಿಯುವ ಸದ್ದು. ಅಯ್ಯೋ, ಅದನ್ನು ಹೇಗೆ ಹೇಳಲಿ! ಇವರು ತಲೆ ಎತ್ತಲು ನೋಡುತ್ತಿದ್ದರು. ಮೆತ್ತಗಿನ ಆ ಕುರ್ಚಿ ಒಳಕ್ಕೆ ಎಳೆದುಕೊಳ್ಳುತ್ತಿತ್ತು, ಎತ್ತರಕ್ಕೆ ಹೋದ ಕಾಲನ್ನು ಇಳಿಸಲು ಆಗುತ್ತಿರಲಿಲ್ಲ. "ಸುಮ್ನೆ ಬಿಡಿ ಅತ್ತೆ!" ಅಂತ ಕೂಗಿ ಅವರ ಕೈ ಕೊಡವಿದೆ. ಅತ್ತೆಯ ಎದುರು ನಾನು ದನಿ ಎತ್ತಿದ್ದು ಅದೇ ಮೊದಲು. ಚಪ್ಪಲಿ ಕಾಲಿನಲ್ಲೇ ಕುರ್ಚಿಯ ಮೇಲೆ ಹತ್ತಿ, ಇವರ ಕಂಕುಳಿಗೆ ಎರಡೂ ಕೈ ಹಾಕಿ ಎಳೆದೆ. ಎಲ್ಲಿಂದ ಬಂತೋ ಆ ಶಕ್ತಿ. ಎದ್ದು ಕೂತವರು ನನ್ನ ಭುಜಕ್ಕೆ ಗದ್ದ ಊರಿ, ಕೆರೆಯಿಂದ ಮೇಲೆ ಬಂದವರ ಹಾಗೆ ಉಸಿರು ಎಳೆದರು. ಬಾಯಿಯಿಂದ ನೊರೆ ನನ್ನ ರವಿಕೆಯ ಮೇಲೆ ಇಳಿಯಿತು. ಅದರಲ್ಲಿ ತೆಳ್ಳಗೆ ರಕ್ತದ ಬಣ್ಣ ಇತ್ತು.

ಆಮೇಲೆ ಯಾರ ಮಾತೂ ಕೇಳಲಿಲ್ಲ ನಾನು. ತಂಗಿಯ ಗಂಡ ಕಾರು ಓಡಿಸಿದ, ನಾನು ಹಿಂದೆ ಇವರನ್ನು ನೆಟ್ಟಗೆ ಕೂರಿಸಿಕೊಂಡು ಹಿಡಿದಿದ್ದೆ. ಅತ್ತೆಯನ್ನು ಅಲ್ಲೇ ತಂಗಿಯ ಮನೆಯಲ್ಲಿ ಬಿಟ್ಟೆವು. ವರುಣಾ ಕೆರೆ ದಾಟುವಾಗ ಇವರು "ಕಿಟಕಿ ತೆಗಿ" ಅಂದರು. ಕಿಟಕಿ ತೆಗೆದೇ ಇತ್ತು. "ತೆಗ್ದೆ ಕಣ್ರೀ" ಅಂದೆ.

ಮೈಸೂರಿನ ಆಸ್ಪತ್ರೆಯಲ್ಲಿ ಆಮ್ಲಜನಕ ಹಾಕಿ, ಸೂಜಿ ಚುಚ್ಚಿ, ಒಂದು ಹದಕ್ಕೆ ತಂದ ಮೇಲೆ ಡಾಕ್ಟರಮ್ಮ ನನ್ನನ್ನು ಕರೆದರು. "ಮನೇಲಿ ಹೇಗೆ ಮಲಗ್ತಿದ್ರು?" ಅಂತ ಕೇಳಿದರು. ಮೈಲಿಗೆಯ ಮಾತು ಆಡುವವಳ ಹಾಗೆ ತಗ್ಗಿದ ದನಿಯಲ್ಲಿ "ಕೂತ್ಕೊಂಡೇ ಮಲಗ್ತಿದ್ರು" ಅಂದೆ.

"ಅದೇ ಇವರನ್ನ ಇಷ್ಟು ದಿನ ಉಳಿಸಿರೋದು" ಅಂದರು.

ಹೃದಯ ಸೋತಿದೆಯಂತೆ. ಪಂಪು ಮಾಡುವ ಶಕ್ತಿ ಇಳಿದು ಶ್ವಾಸಕೋಶದಲ್ಲಿ ನೀರು ನಿಲ್ಲುತ್ತದಂತೆ. ಚಪ್ಪಟೆ ಮಲಗಿದರೆ ಆ ನೀರು ಮೇಲಕ್ಕೆ ಬರುತ್ತದಂತೆ. ಕೂತಿದ್ದರೆ ತಳದಲ್ಲಿ ಉಳಿಯುತ್ತದೆ, ಮೇಲಿನ ಭಾಗದಲ್ಲಿ ಉಸಿರಾಡಬಹುದು. ನಾವು ಯಾವ ಕೂತ ಭಂಗಿಯನ್ನು ಸಾವು ಅಂತ ಹೆದರಿ ಬಿಡಿಸಲು ಹೊರಟೆವೋ ಅದರ ಮೇಲೆ ಅವರ ಜೀವ ನಿಂತಿತ್ತು. "ವಾಸಿಯಾಗುತ್ತಾ ಡಾಕ್ಟ್ರೇ?" ಅಂದೆ. "ಮಾತ್ರೆ ಕೊಡ್ತೀವಿ. ನೋಡೋಣ" ಅಂದರು. ಆ ನೋಡೋಣ ಅನ್ನುವ ಮಾತಿನ ತೂಕ ನನಗೆ ಗೊತ್ತು. ಮಾವನವರ ಕಾಲಕ್ಕೂ ಕೇಳಿದ್ದೆ.

ಇವರಿಗೆ ಮಾತು ಬಂದ ಕೂಡಲೇ ನಾನು ಬೈಯಲು ಶುರು ಮಾಡಿದೆ. ಪಕ್ಕದ ಹಾಸಿಗೆಯವರು ತಿರುಗಿ ನೋಡಿದರು, ನೋಡಲಿ. "ಉಸಿರು ಕಟ್ತಿದ್ರೆ ಬಾಯಿಬಿಟ್ಟು ಹೇಳಕ್ಕೇನಾಗಿತ್ತು? ಚೆನ್ನಾಗಿದೆ ಅಂದ್ರಲ್ಲಾ! ಚೆನ್ನಾಗಿತ್ತಾ?"

"ಅವ್ವನ ಮುಖ ನೋಡ್ದೆ ಕಣೇ" ಅಂದರು. "ಅಷ್ಟು ಖುಷಿಯಾಗಿದ್ಲು. ಒಂದ್ನಿಮಿಷ ತಡ್ಕೊಳ್ಳೋಣ ಅನ್ನಿಸ್ತು." ಎದ್ದು ಹೊರಗೆ ಹೋಗಿ ಅತ್ತುಬಂದೆ.

ಅವರನ್ನು ಮನೆಗೆ ಕಳಿಸುವ ಮೊದಲು ನಾನೊಬ್ಬಳೇ ತಿ. ನರಸೀಪುರಕ್ಕೆ ಹೋದೆ. ಹೌದು, ಕುರ್ಚಿಗೇ. ತಂಗಿಯ ಗಂಡ ತಲೆ ತಗ್ಗಿಸಿ ನಿಂತಿದ್ದ. ಆ ಕಪ್ಪು ಕುರ್ಚಿ ಅದೇ ಜಾಗದಲ್ಲಿತ್ತು, ಯಾರೋ ಅದನ್ನು ಎಬ್ಬಿಸಿ ಕೂರಿಸಿದ್ದರು. ಅದರ ಹತ್ತಿರವೂ ಸುಳಿಯಲಿಲ್ಲ ನಾನು.

"ಯಾವುದು ಎಷ್ಟು ಮಲಗುತ್ತೆ ಅಂತ ಹೇಳ್ಬೇಡ. ಯಾವುದು ಎಷ್ಟು ನೆಟ್ಟಗೆ ನಿಲ್ಲುತ್ತೆ ಹೇಳು" ಅಂದೆ.

"ಇದುವರ್ಗೂ ಯಾರೂ ಇಂಗೆ ಕೇಳಿರ್ಲಿಲ್ಲ ಅಕ್ಕಾ" ಅಂದ.

ಪ್ರತಿ ಕುರ್ಚಿಯಲ್ಲೂ ನಾನು ಕೂತೆ, ಕಣ್ಣು ಮುಚ್ಚಿ, ನಾನೇ ಅವರು ಅಂದುಕೊಂಡು. ಬಹಳ ಮೆತ್ತಗಿನವನ್ನು ಬಿಟ್ಟೆ, ಒಳಕ್ಕೆ ಎಳೆದುಕೊಳ್ಳುವಂಥದ್ದು ಬೇಡ. ಕತ್ತನ್ನು ಮುಂದಕ್ಕೆ ನೂಕುವಂಥವನ್ನು ಬಿಟ್ಟೆ, ಗಂಟಲು ಮಡಚುತ್ತದೆ. ಕೈ ಊರಿ ಏಳಲು ತೋಳು ಗಟ್ಟಿಯಿರಬೇಕು. ಬೆನ್ನು ನೆಟ್ಟಗಿರುವಾಗಲೇ ಕಾಲನ್ನು ಮಾತ್ರ ಬೇರೆಯಾಗಿ ಎತ್ತಲು ಬರಬೇಕು, ಊತಕ್ಕೆ. ಕರೆಂಟು ಹೋದರೂ ನಡೆಯುವ ಹಾಗೆ ಬ್ಯಾಟರಿ ಇರಬೇಕು. ಚರ್ಮ ಅಸಲಿಯಾಗಿರಬೇಕು, ಹಗಲೂ ರಾತ್ರಿ ಕೂತರೆ ಬೆನ್ನು ಬೇಯಬಾರದು. ಅವರು ಫೋನಿನಲ್ಲಿ ನೋಡಿ ನೋಡಿ ಹೇಳುತ್ತಿದ್ದ ಎಲ್ಲವೂ ನನಗೆ ಉಪಯೋಗಕ್ಕೆ ಬಂತು. ಗಾಢ ಕಂದು ಬಣ್ಣದ ಒಂದನ್ನು ಆರಿಸಿದೆ. ಬೆನ್ನಿಗೊಂದು ಕಾಲಿಗೊಂದು ಬೇರೆ ಬೇರೆ ಮೋಟಾರು.

ಅತ್ತೆ ಅದನ್ನು ಕಿಟಕಿಯ ಪಕ್ಕ ಇಡಗೊಡಲಿಲ್ಲ. ಎದುರುಗಡೆ ಟಿವಿಯ ಹತ್ತಿರ ಇಟ್ಟೆವು. ಚರ್ಮ ಮುಚ್ಚಲೆಂದು ಅತ್ತೆಯೇ ಮಗನ ಬಿಳಿ ಪಂಚೆ ತಂದು ಹೊದಿಸಿದರು. ಸ್ವಲ್ಪ ಹೊತ್ತು ದೂರ ನಿಂತು ನೋಡಿ, ಏನನ್ನಿಸಿತೋ, ಸರಕ್ಕನೆ ಎಳೆದು ತೆಗೆದು ಹೂವಿನ ಚಿತ್ತಾರದ ಬೆಡ್‌ಶೀಟ್ ಹಾಸಿದರು. ಈಗ ಮಲಗು ಅಂತ ಅವರು ಯಾವತ್ತೂ ಹೇಳುವುದಿಲ್ಲ. ಬೆಳಿಗ್ಗೆ ಎದ್ದರೆ ಹಾಲಿಗೂ ಬರುವುದಿಲ್ಲ. ಅಡುಗೆಮನೆಯ ಬಾಗಿಲಲ್ಲೇ ನಿಂತು "ಕೆಮ್ಮಿದ್ನಾ?" ಅಂತ ನನ್ನನ್ನು ಕೇಳುತ್ತಾರೆ. "ಕೆಮ್ಮಿದ್ರು ಅತ್ತೆ" ಅಂದ ಮೇಲೆಯೇ ಹೂವು ಬಿಡಿಸಲು ಹೋಗುತ್ತಾರೆ. ನಾನು ಆ ಹಾಲಿನಲ್ಲೇ ನೆಲದ ಮೇಲೆ ಹಾಸಿಕೊಂಡು ಮಲಗುತ್ತೇನೆ, ಕುರ್ಚಿಯ ಕಾಲಿನ ಹತ್ತಿರ.

ಮೊದಮೊದಲು ಎಲ್ಲ ಚೆನ್ನಾಗಿತ್ತು. ಮಾತ್ರೆಗೆ ಕಾಲಿನ ಊತ ಇಳಿಯಿತು. ಬೆನ್ನನ್ನು ಬಹಳಷ್ಟು ಹಿಂದಕ್ಕೆ ಇಳಿಸಿದರೂ ಉಸಿರು ಸಲೀಸಾಗಿತ್ತು. ಅವರು ಗೊರಕೆ ಹೊಡೆದರು. ನಾನು ನಕ್ಕೆ, ಬೈದೆ. ಹೀಗೇ ಇನ್ನೊಂದಿಷ್ಟು ಇಳಿಸುತ್ತಾ ಹೋದರೆ ಒಂದು ದಿನ ಮಂಚಕ್ಕೆ ಬಂದಾರು ಅಂತ ಆಸೆಪಟ್ಟೆ. ಶಿವರಾತ್ರಿ ಹೊತ್ತಿಗೆ "ಸ್ವಲ್ಪ ಎತ್ತು" ಅಂದರು. ಎತ್ತಿದೆ. ಯುಗಾದಿ ಕಳೆದ ಮೇಲೆ ಮತ್ತೊಂದಿಷ್ಟು. ಮೈಸೂರಿಗೆ ಹೋಗಿ ಮಾತ್ರೆ ಬದಲಾಯಿಸಿ ಬಂದೆವು. ಡಾಕ್ಟರಮ್ಮ ಮತ್ತೆ ನೋಡೋಣ ಅಂದರು. ಮಳೆ ಹಿಡಿಯುವ ಹೊತ್ತಿಗೆ ಇನ್ನೂ ಒಂದಿಷ್ಟು. ಬೆನ್ನು ಎಷ್ಟು ಮೇಲೆ ಬಂದಿದೆ ಅಂತ ನಾನು ನೋಡುವುದನ್ನು ಬಿಟ್ಟಿದ್ದೆ. ಬಟನ್ ನನ್ನ ಕೈಯಲ್ಲಿರುತ್ತದೆ, ಅವರು ಹೇಳುತ್ತಾರೆ, ನಾನು ಒತ್ತುತ್ತೇನೆ.

ಮೊನ್ನೆ ಸಂಜೆ ದೀಪ ಹಚ್ಚಿ ಬಂದೆ. ಅವರು ಎಚ್ಚರವಾಗಿದ್ದರು.

"ಇನ್ನೊಂಚೂರು ಎತ್ತೇ" ಅಂದರು.

ಬಟನ್ ಒತ್ತಿದೆ. ಮೋಟಾರು ಟಕ್ ಅಂದು ನಿಂತಿತು. ಆಗ ಸರಿಯಾಗಿ ನೋಡಿದೆ. ಕುರ್ಚಿಯ ಬೆನ್ನು ಗೋಡೆಯಷ್ಟೇ ನೆಟ್ಟಗಿತ್ತು, ಇನ್ನು ಏರುವ ಹಾಗಿರಲಿಲ್ಲ.

"ಎತ್ತಿದೆ ಕಣ್ರೀ" ಅಂದೆ.

"ಇಲ್ಲ ಕಣೇ. ಇನ್ನೊಂಚೂರು."

ನಾನು ಒತ್ತಿಕೊಂಡೇ ಇದ್ದೆ.